ನೆರೆ ಬಂದಾಗ ನಮ್ಮನ್ನೇ ನೀರಿಗೆ ತಳ್ಳುವವರು

ಹೋಸ್ಟಿಂಗ್ ಕಂಪನಿಗಳ ಜಾಹೀರಾತು ನೀವೂ ಓದಿರುತ್ತೀರಿ. ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್, ಶೇಕಡಾ 99.9 ಅಪ್‌ಟೈಮ್, ಜೊತೆಗೊಂದು ಗುರಾಣಿಯ ಚಿತ್ರ ಹಾಕಿ "ಡಿಡಾಸ್ ರಕ್ಷಣೆ ಉಚಿತ" ಅಂತ. ಆ ಗುರಾಣಿ ಯಾರನ್ನು ಕಾಯುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಬಹಳಷ್ಟು ಕಡೆ ಅದು ಕಾಯುವುದು ಕಂಪನಿಯನ್ನು, ನಿಮ್ಮನ್ನಲ್ಲ. ನಿಮ್ಮ ತಾಣದ ಮೇಲೆ ದಾಳಿಯಾದ ದಿನ ಅವರು ತಡೆಯುವುದು ದಾಳಿಕೋರನನ್ನಲ್ಲ. ನಿಮ್ಮನ್ನೇ ಅಂತರ್ಜಾಲದಿಂದ ಕಿತ್ತು ಹಾಕುತ್ತಾರೆ. ಆಮೇಲೆ "ದಾಳಿಯನ್ನು ಯಶಸ್ವಿಯಾಗಿ ನಿಭಾಯಿಸಲಾಗಿದೆ" ಅಂತ ಒಂದು ಮಿಂಚಂಚೆ ಬರುತ್ತದೆ!

ದಾಳಿ ಮಾಡಿದವನಿಗೆ ಬೇಕಾಗಿದ್ದೇನು? ನಿಮ್ಮ ತಾಣ ಯಾರಿಗೂ ಕಾಣಬಾರದು. ಕಂಪನಿ ಮಾಡಿದ್ದೇನು? ನಿಮ್ಮ ತಾಣ ಯಾರಿಗೂ ಕಾಣದ ಹಾಗೆ ಮಾಡಿತು. ಇದಕ್ಕೆ ರಕ್ಷಣೆ ಅಂತ ಹೆಸರಿಟ್ಟಿದ್ದಾರಲ್ಲ, ನನ್ನ ಜಗಳ ಅದರ ಮೇಲೆ.

ಮೊದಲು ಈ ನೆರೆ ಅಂದರೆ ಏನು ಅಂತ ನೋಡೋಣ. ಗೋಣಿಕೊಪ್ಪದಲ್ಲಿ ಒಂದು ಹೋಟೆಲ್ ಇದೆ ಅಂದುಕೊಳ್ಳಿ. ಅದನ್ನು ಹಾಳು ಮಾಡಲು ಮೂರು ದಾರಿ. ಒಂದು, ಹೋಟೆಲಿಗೆ ಹೋಗುವ ರಸ್ತೆಯ ತುಂಬಾ ಲಾರಿ ತಂದು ನಿಲ್ಲಿಸುವುದು. ಒಳಗೆ ದೋಸೆ ರೆಡಿ ಇದ್ದರೂ ತಿನ್ನುವವರು ಬರಲಾಗುವುದಿಲ್ಲ. ಎರಡು, ಫೋನ್ ಮಾಡಿ "ಟೇಬಲ್ ಇಟ್ಟಿರಿ, ಈಗ ಬಂದೆ" ಅಂತ ಹೇಳಿ ಬರದೇ ಇರುವುದು. ಹೀಗೆ ನೂರಾರು ಜನ. ಮೂರು, ನಿಜವಾಗಿಯೂ ಒಳಗೆ ಬಂದು ಕೂತು, ಮಾಡಲು ಅತಿ ಹೆಚ್ಚು ಹೊತ್ತು ಹಿಡಿಯುವ ತಿಂಡಿಯನ್ನೇ ಮೇಲಿಂದ ಮೇಲೆ ಕೇಳುವುದು. ಮೂರಕ್ಕೂ ಒಂದೇ ಹೆಸರು, ಡಿಡಾಸ್. ಆದರೆ ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೆಯ ಜಾತಿಯ ದಾಳಿ ಹಳೆಯದು. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸೇವಾ ಕಂಪನಿಯನ್ನು ದಿನಗಟ್ಟಲೆ ಸತಾಯಿಸಿದ್ದು ಇದೇ. ಸಂಪರ್ಕ ಬೇಕು ಅಂತ ಸುಳ್ಳು ವಿಳಾಸದಿಂದ ಕೇಳುವುದು, ಸರ್ವರ್ ಉತ್ತರ ಕೊಟ್ಟು ಕಾಯುತ್ತಾ ಕೂರುವುದು. ಅದೇ ತಿಂಗಳಲ್ಲಿ ಡ್ಯಾನಿಯಲ್ ಬರ್ನ್‌ಸ್ಟೀನ್ ಅದಕ್ಕೊಂದು ಜಾಣ ಉಪಾಯ ಸೂಚಿಸಿದರು: ಗಿರಾಕಿ ನಿಜಕ್ಕೂ ಬಾಗಿಲಿಗೆ ಬರುವ ತನಕ ಟೇಬಲ್ ಕಾದಿರಿಸಲೇಬೇಡ. 'ಸಿನ್ ಕುಕಿ' ಎಂಬ ಆ ಉಪಾಯ ಇವತ್ತಿಗೂ ಲಿನಕ್ಸ್‌ನಲ್ಲಿ ಇದೆ. ಅಂದರೆ, ಸಂತ್ರಸ್ತನನ್ನು ಹೊರಗೆ ಹಾಕದೆಯೇ ದಾಳಿಯನ್ನು ತಡೆಯುವುದು ಮೊದಲ ದಿನದಿಂದಲೂ ಸಾಧ್ಯವಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮೂರನೆಯ ಜಾತಿಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟುವ ನದಿಯ ಹೆಸರನ್ನೇ ಇಟ್ಟುಕೊಂಡ ಕಾವೇರಿ 2.0 ಇದೆಯಲ್ಲ, ಆಸ್ತಿ ನೋಂದಣಿಯ ತಂತ್ರಾಂಶ, ಅದೇ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಅದು ಮತ್ತೆ ಮತ್ತೆ ಮಲಗಿತು. ಪಾಲುಪಟ್ಟಿ ಮಾಡಿಸುವವರು, ಸಾಲಕ್ಕೆ ಇ.ಸಿ. ಬೇಕಾದವರು, ಮಗಳ ಮದುವೆಗೆ ತೋಟದ ಒಂದು ತುಂಡು ಮಾರಲು ಹೊರಟವರು ಎಲ್ಲರೂ "ಸರ್ವರ್ ಡೌನ್" ಕೇಳಿಕೊಂಡು ಮನೆಗೆ ಹೋದರು. ಕೊನೆಗೆ ಇದು ಡಿಡಾಸ್ ದಾಳಿ ಅಂತ ಸರ್ಕಾರ ಹೇಳಿತು, ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಹೋಯಿತು. ಪತ್ರಿಕೆಗಳಲ್ಲಿ ಬಂದ ವಿವರ ಹೀಗಿತ್ತು: 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು, ಇ.ಸಿ. ಹುಡುಕಾಟ ಮಾಮೂಲಿಗಿಂತ ಎಂಟು ಪಟ್ಟು, ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು.

6.2 ಲಕ್ಷ ಅಂದರೆ ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಕ್ಯಾಲ್ಕುಲೇಟರ್ ತೆಗೆಯಿರಿ. ಎರಡು ಗಂಟೆ ಅಂದರೆ 7,200 ಸೆಕೆಂಡು. ಸೆಕೆಂಡಿಗೆ ಸರಾಸರಿ 86 ಕೋರಿಕೆ. ಅಷ್ಟೇ! 2023ರ ಆಗಸ್ಟಿನಲ್ಲಿ ಗೂಗಲ್ ತಡೆದ ಒಂದು ದಾಳಿಯ ತುತ್ತತುದಿ ಸೆಕೆಂಡಿಗೆ 39.8 ಕೋಟಿ ಕೋರಿಕೆ. ಅದು ಪ್ರವಾಹ. 86 ಅನ್ನುವುದು ನಮ್ಮೂರ ತೋಡಿನಲ್ಲಿ ಜೂನ್ ತಿಂಗಳ ನೀರು. ದಾಳಿ ಮಾಡಿದವನದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 14 ವಿಳಾಸಗಳಿಂದ ಒಂದು ರಾಜ್ಯದ ನೋಂದಣಿ ನಿಲ್ಲುತ್ತದೆ ಅಂದರೆ, ಒಬ್ಬನಿಗೆ ಗಂಟೆಗೆ ಎಷ್ಟು ಹುಡುಕಾಟ ಅಂತ ಮಿತಿ ಹಾಕುವಷ್ಟು ಸಣ್ಣ ಕೆಲಸ ಆಗಿರಲಿಲ್ಲ ಅಂತಲೇ ಅರ್ಥ. "ಡಿಡಾಸ್" ಅನ್ನುವ ಪದ ಎಷ್ಟು ಅನುಕೂಲದ ಕಂಬಳಿ ನೋಡಿ. ಅದನ್ನು ಹೊದ್ದುಕೊಂಡರೆ ಒಳಗಿನ ಹರಕು ಅಂಗಿ ಕಾಣುವುದಿಲ್ಲ.

ಇನ್ನು ಮೊದಲನೆಯ ಜಾತಿ, ರಸ್ತೆ ತುಂಬಾ ಲಾರಿ. ನಮ್ಮಂಥವರನ್ನು ನೀರಿಗೆ ತಳ್ಳುವುದು ಹೆಚ್ಚಾಗಿ ಇಲ್ಲಿಯೇ. ನಿಮ್ಮ ಹೋಸ್ಟಿಂಗ್ ಕಂಪನಿಗೆ ಹೊರಜಗತ್ತಿನ ಜೊತೆ ಇರುವ ಕೊಳವೆ 10 ಗಿಗಾಬಿಟ್ ಅಂದುಕೊಳ್ಳಿ. 40 ಗಿಗಾಬಿಟ್ ಕಸ ಬಂದರೆ ಒಳಗೆ ಎಷ್ಟೇ ಒಳ್ಳೆಯ ಫೈರ್‌ವಾಲ್ ಇದ್ದರೂ ಉಪಯೋಗವಿಲ್ಲ, ಕೊಳವೆಯೇ ಕಟ್ಟಿಕೊಂಡಿದೆ. ಆಗ ಕಂಪನಿ ಮೇಲಿನ ದೊಡ್ಡ ನೆಟ್‌ವರ್ಕಿಗೆ ಒಂದು ಸಂದೇಶ ಕಳಿಸುತ್ತದೆ: "ಈ ಐಪಿ ವಿಳಾಸಕ್ಕೆ ಬರುವ ಎಲ್ಲವನ್ನೂ ಅಲ್ಲೇ ಬಿಸಾಕಿ." ಇದೇ ಬ್ಲ್ಯಾಕ್‌ಹೋಲ್, ಅಥವಾ ನಲ್ ರೂಟ್. ಕಸದ ಜೊತೆ ನಿಮ್ಮ ಓದುಗರೂ ಅದೇ ಗುಂಡಿಗೆ. ಈ ಪದ್ಧತಿ ಎಷ್ಟು ಮಾಮೂಲಿ ಅಂದರೆ 2016ರಲ್ಲಿ ಆರ್‌ಎಫ್‌ಸಿ 7999 ಎಂಬ ದಾಖಲೆಯಲ್ಲಿ ಅದಕ್ಕೊಂದು ಜಾಗತಿಕ ಗುರುತೇ ಸಿಕ್ಕಿತು: 65535:666. ಸಂಖ್ಯೆ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತು. ಬೈಬಲಿನಲ್ಲಿ 666 ಮೃಗದ ಸಂಖ್ಯೆ :-)

ನನಗೆ ಈ ಗುಂಡಿಯ ಪರಿಚಯವಾದದ್ದು ಮಳೆಯಿಂದ. ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ, ಬಿರುನಾಣಿ, ಕುಟ್ಟ ಕಡೆಯ ಕೆಲವು ಬೆಳೆಗಾರರು ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು ಅಂತ ಬರೆದಿಡುತ್ತಾರೆ. ಅದನ್ನೆಲ್ಲ ಒಂದೇ ಪುಟದಲ್ಲಿ ಕನ್ನಡದಲ್ಲಿ ಹಾಕುವ ಪುಟ್ಟ ತಾಣ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಮೇಲೆ ಎಷ್ಟು ಸುರಿಯಿತು ಅಂತ ಗೊತ್ತಾದರೆ ಕೆಳಗಿನವರಿಗೆ ಗದ್ದೆಯ ಕೆಲಸಕ್ಕೆ, ರಸ್ತೆ ದಾಟುವುದಕ್ಕೆ ಒಂದು ಅಂದಾಜು. 2018 ಮತ್ತು 2019ರ ಆಗಸ್ಟ್ ನೋಡಿದ ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಜುಲೈಯಲ್ಲಿ, ಸರಿಯಾಗಿ ಮಳೆ ಹಿಡಿದಿದ್ದಾಗ, ತಾಣ ಮಾಯ. ಬೆಂಬಲ ವಿಭಾಗಕ್ಕೆ ಬರೆದರೆ ಆರು ಗಂಟೆ ಕಳೆದು ಉತ್ತರ: ನಿಮ್ಮ ಐಪಿಯ ಮೇಲೆ ದಾಳಿಯಾಗಿದೆ, 24 ಗಂಟೆ ನಲ್ ರೂಟ್ ಮಾಡಲಾಗಿದೆ, ತೆಗೆಯಬೇಕಾದರೆ ಮೇಲಿನ ಪ್ಲಾನಿಗೆ ಹೋಗಿ. ವಿಚಾರಿಸಿದರೆ ದಾಳಿ ನಮ್ಮ ಮೇಲೆ ಅಲ್ಲವೇ ಅಲ್ಲ! ಅದೇ ಐಪಿ ವಿಳಾಸ ಹಂಚಿಕೊಂಡಿದ್ದ ಇನ್ಯಾವುದೋ ತಾಣದ ಮೇಲೆ. ನೆರೆಮನೆಗೆ ಬಂದ ನೆರೆಗೆ ನಮ್ಮ ಮನೆಯ ಬಾಗಿಲಿಗೂ ಮೊಳೆ. ಆ 24 ಗಂಟೆ ನಮ್ಮದೇ ಕಡತಗಳನ್ನು ಇಳಿಸಿಕೊಳ್ಳಲೂ ದಾರಿ ಇರಲಿಲ್ಲ, ಯಾಕೆಂದರೆ ಕಂಟ್ರೋಲ್ ಪ್ಯಾನೆಲ್ ಇದ್ದದ್ದೂ ಅದೇ ವಿಳಾಸದಲ್ಲಿ. ಕಂಪನಿಯ ಹೆಸರು ಬೇಡ. ಒಂದು ಕಂಪನಿಯ ಕಥೆಯಾಗಿದ್ದರೆ ನಾನು ಬೇರೆ ಕಂಪನಿಗೆ ಹೋಗಿ ಸುಮ್ಮನಾಗುತ್ತಿದ್ದೆ, ಇಷ್ಟುದ್ದ ಬರೆಯುತ್ತಿರಲಿಲ್ಲ.

ಕಂಪನಿಯವರ ವಾದವೂ ಗೊತ್ತಿದೆ. "ನಿಮ್ಮೊಬ್ಬರಿಗೆ ಬಂದ ಕಸದಿಂದ ಉಳಿದ ಐನೂರು ಜನರ ತಾಣ ನಿಂತುಹೋಗಬೇಕಾ?" ಸರಿಯಾದ ಪ್ರಶ್ನೆ. ಕೊಳವೆ ಕಟ್ಟಿಕೊಂಡ ಮೊದಲ ಹತ್ತು ನಿಮಿಷ ಬ್ಲ್ಯಾಕ್‌ಹೋಲ್ ಮಾಡಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಹನ್ನೊಂದನೆಯ ನಿಮಿಷದಿಂದ. ಬೆರಳಿಗೆ ಗಾಯವಾದರೆ ರಕ್ತ ನಿಲ್ಲಲು ಬಿಗಿದು ಕಟ್ಟುತ್ತಾರೆ, ಹೌದು. ಕಟ್ಟಿದ್ದನ್ನು ಮರೆತು 24 ಗಂಟೆ ಬಿಟ್ಟರೆ ಬೆರಳೇ ಹೋಗುತ್ತದೆ.

ಹತ್ತು ನಿಮಿಷ ಅಂತ ನಾನು ಬಾಯಿಗೆ ಬಂದದ್ದು ಹೇಳುತ್ತಿಲ್ಲ. 2018ರ ಫೆಬ್ರುವರಿ 28ರಂದು ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಬಂದು ಬಿತ್ತು. ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶವನ್ನು ಬಾಗಿಲು ತೆರೆದಿಟ್ಟ ಸರ್ವರುಗಳೇ ಅಲ್ಲಿ ಆಯುಧ. ಅವುಗಳಿಗೆ ಒಂದು ಬೈಟ್ ಕಳಿಸಿದರೆ 51,000 ಬೈಟಿನ ತನಕ ಉಬ್ಬಿಸಿ ಸಂತ್ರಸ್ತನ ಕಡೆ ಎಸೆಯಬಲ್ಲವು. ಗಿಟ್‌ಹಬ್ ತನ್ನ ಸಂಚಾರವನ್ನು ಅಕಮಾಯ್ ಕಂಪನಿಯ ಸೋಸುವ ಕೇಂದ್ರಗಳಿಗೆ ತಿರುಗಿಸಿತು. ಸುಮಾರು ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ದಾಳಿ ಆ ಕಾಲದ ದಾಖಲೆ, ತೊಂದರೆ ಹತ್ತು ನಿಮಿಷದ್ದು! ಅಂದರೆ ವಿದ್ಯೆ ಇದೆ, ಯಂತ್ರ ಇದೆ. ಅದು ಯಾರಿಗೆ ಸಿಗುತ್ತದೆ ಅನ್ನುವುದು ಮಾತ್ರ ಪ್ರಶ್ನೆ.

ಸೋಸುವ ಕೇಂದ್ರ ದುಬಾರಿ ಅನ್ನೋಣ. ಅದಿಲ್ಲದೆಯೂ ಮಧ್ಯದ ದಾರಿ ಇದೆ. ಫ್ಲೋಸ್ಪೆಕ್ ಅಂತ ಒಂದು ವಿಧಾನ 2009ರಿಂದಲೇ ಆರ್‌ಎಫ್‌ಸಿ ರೂಪದಲ್ಲಿದೆ. "ಈ ವಿಳಾಸಕ್ಕೆ ಬರುವ ಎಲ್ಲವನ್ನೂ ಬಿಸಾಕಿ" ಅನ್ನುವ ಬದಲು "ಈ ವಿಳಾಸಕ್ಕೆ ಯುಡಿಪಿ 11211ನೇ ಪೋರ್ಟಿನಿಂದ ಬರುವುದನ್ನು ಮಾತ್ರ ಬಿಸಾಕಿ" ಅಂತ ಮೇಲಿನವರಿಗೆ ಹೇಳಬಹುದು. ಮಳೆ ಲೆಕ್ಕ ಓದಲು ಬರುವ ಬಾಳೆಲೆಯ ರೈತ ಮೆಮ್‌ಕ್ಯಾಶ್‌ಡಿ ಪೋರ್ಟಿನಿಂದ ಬರುವುದಿಲ್ಲ ಸ್ವಾಮಿ. ಅವನನ್ನು ಒಳಗೆ ಬಿಡಿ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಬ್ಲಾಗಿಗರಿಗೆ ಇದು ಬರೀ ತಾಂತ್ರಿಕ ರಗಳೆ ಅಲ್ಲ, ಮಾತಾಡುವ ಹಕ್ಕಿನ ಪ್ರಶ್ನೆ. 2009ರ ಆಗಸ್ಟ್ 6ರಂದು ಟ್ವಿಟರ್ ಗಂಟೆಗಟ್ಟಲೆ ನಿಂತಿತು, ಲೈವ್‌ಜರ್ನಲ್ ನಿಂತಿತು, ಫೇಸ್‌ಬುಕ್ ತಡವರಿಸಿತು. ಗುರಿ ಯಾರು? ಸುಖುಮಿ ಎಂಬ ಊರಿನ ಹೆಸರನ್ನೇ ಅಂಕಿತನಾಮ ಮಾಡಿಕೊಂಡು ಬರೆಯುತ್ತಿದ್ದ ಜಾರ್ಜಿಯಾ ದೇಶದ ಒಬ್ಬ ಬ್ಲಾಗಿಗ. ಫೇಸ್‌ಬುಕ್‌ನ ಭದ್ರತಾ ಮುಖ್ಯಸ್ಥರೇ ಇದನ್ನು ಹೇಳಿದರು. ಒಬ್ಬನ ಬಾಯಿ ಮುಚ್ಚಿಸಲು ಅಷ್ಟು ದೊಡ್ಡ ಮನೆಗಳನ್ನೇ ಅಲ್ಲಾಡಿಸಿದರು. ಅವನು ನಮ್ಮ ನಿಮ್ಮ ಹಾಗೆ ತಿಂಗಳಿಗೆ ನೂರೈವತ್ತು ರೂಪಾಯಿಯ ಹೋಸ್ಟಿಂಗ್‌ನಲ್ಲಿ ಇದ್ದಿದ್ದರೆ? ಹತ್ತು ನಿಮಿಷದಲ್ಲಿ ಅವನ ಖಾತೆ ರದ್ದಾಗಿರುತ್ತಿತ್ತು, ಸುದ್ದಿಯೂ ಆಗುತ್ತಿರಲಿಲ್ಲ.

2011ರ ಮಾರ್ಚ್ 3ರಂದು ವರ್ಡ್‌ಪ್ರೆಸ್ ಡಾಟ್ ಕಾಮ್ ಮೇಲೆ ಸೆಕೆಂಡಿಗೆ ಹಲವು ಗಿಗಾಬಿಟ್, ಕೋಟಿಗಟ್ಟಲೆ ಪ್ಯಾಕೆಟ್ ಬಂತು. ಇಂಗ್ಲಿಷಲ್ಲದ ಭಾಷೆಯ ಒಂದೇ ಬ್ಲಾಗಿನ ಮೇಲಿನ ಸಿಟ್ಟು ಇರಬಹುದು ಅಂತ ಕಂಪನಿಗೆ ಮೊದಲು ಅನುಮಾನ ಬಂದಿತ್ತು. ಕನ್ನಡದಲ್ಲಿ ಬರೆಯುವ ನಾವು ಈ ವಾಕ್ಯವನ್ನು ಎರಡು ಸಲ ಓದಬೇಕು.

2016ರ ಕಥೆ ಇನ್ನೂ ಕಹಿ. ಬ್ರಯಾನ್ ಕ್ರೆಬ್ಸ್ ಅಂತ ಅಮೆರಿಕದ ಪತ್ರಕರ್ತ, ಸೈಬರ್ ಕಳ್ಳರ ಬಗ್ಗೆ ತಮ್ಮ ಬ್ಲಾಗಿನಲ್ಲಿ ಬರೆಯುವವರು. ಹಣ ತೆಗೆದುಕೊಂಡು ಡಿಡಾಸ್ ಮಾಡಿಕೊಡುವವರ ಅಂಗಡಿಯನ್ನೇ ಬಯಲಿಗೆಳೆದಿದ್ದರು. ಸೆಪ್ಟೆಂಬರ್ 20ರಂದು ಅವರ ಬ್ಲಾಗಿನ ಮೇಲೆ ಸುಮಾರು 620 ಗಿಗಾಬಿಟ್. ಅವರನ್ನು ಉಚಿತವಾಗಿ ಕಾಯುತ್ತಿದ್ದ ಅಕಮಾಯ್ ಮೊದಲು ತಡೆಯಿತು, ಆಮೇಲೆ "ಬೇರೆ ಗ್ರಾಹಕರಿಗೆ ತೊಂದರೆ, ಇನ್ನು ಆಗುವುದಿಲ್ಲ" ಅಂದಿತು. ಹೌದು, ಗಿಟ್‌ಹಬ್ ಅನ್ನು ಹತ್ತು ನಿಮಿಷದಲ್ಲಿ ಉಳಿಸಿದ ಅದೇ ಅಕಮಾಯ್. ಅಂಥದ್ದೇ ರಕ್ಷಣೆಯನ್ನು ಹಣ ಕೊಟ್ಟು ಕೊಂಡರೆ ಎಷ್ಟಾಗುತ್ತದೆ ಅಂತ ಕ್ರೆಬ್ಸ್ ಬರೆದರು: ವರ್ಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಡಾಲರ್. ಕೊನೆಗೆ ಗೂಗಲ್‌ನ ಪ್ರಾಜೆಕ್ಟ್ ಶೀಲ್ಡ್ ಅವರನ್ನು ಒಳಗೆ ಕರೆದುಕೊಂಡಿತು. ಕ್ರೆಬ್ಸ್ ಹೆಸರಾಂತ ಪತ್ರಕರ್ತರು, ಕರೆದರು. ನಮ್ಮನ್ನು ಯಾರು ಕರೆಯುತ್ತಾರೆ?

ಆ 620 ಗಿಗಾಬಿಟ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಮಿರಾಯ್ ಎಂಬ ದುಷ್ಟ ತಂತ್ರಾಂಶ ಹಿಡಿದುಕೊಂಡ ಮನೆಮನೆಯ ಕ್ಯಾಮೆರಾ, ರೂಟರುಗಳಿಂದ. ನಮ್ಮ ಪಾಲೂ ಇಂಥದ್ದರಲ್ಲಿ ಇರಬಹುದಲ್ಲ? 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮುಗಳು ಸಾಲಾಗಿ ಸತ್ತವು. ಕರ್ನಾಟಕಕ್ಕೂ ಬಿತ್ತು ಆ ಹೊಡೆತ. ಪತ್ರಿಕೆಗಳ ಲೆಕ್ಕ ಸುಮಾರು 60,000 ಮೋಡೆಮು. ಕಾರಣ, ಅಂಗಡಿಯಿಂದ ಬಂದಾಗ ಇದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಬ್ರಿಕರ್‌ಬಾಟ್ ಬರೆದವನು ಇದು ತನ್ನದೇ ಕೆಲಸ ಅಂತ ಹೇಳಿಕೊಂಡ. ಇಂಥ ಪೆಟ್ಟಿಗೆಗಳು ದಾಳಿಕೋರರ ಕೈಗೆ ಹೋಗುವ ಮೊದಲು ತಾನೇ ಕೊಲ್ಲುತ್ತೇನೆ ಅನ್ನುವುದು ಅವನ ತರ್ಕ. ತರ್ಕ ಹಾಳಾಗಲಿ, ಆ ಬಾಗಿಲು ತೆರೆದಿತ್ತು ಅನ್ನುವುದಂತೂ ನಿಜ.

ನಮ್ಮ ಕಡೆ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿನ ಗದ್ದೆಯವನು ತನ್ನ ಏರಿ, ತೂಬು ಸರಿಯಾಗಿ ಇಟ್ಟುಕೊಳ್ಳದಿದ್ದರೆ ಕೊಚ್ಚಿಹೋಗುವುದು ಕೆಳಗಿನವನ ನಾಟಿ. ಅಂತರ್ಜಾಲಕ್ಕೂ ಇದೇ ನ್ಯಾಯ ಅಂತ 2000ದ ಮೇ ತಿಂಗಳಲ್ಲೇ ಬರೆದಿಟ್ಟಿದ್ದಾರೆ. ಬಿಸಿಪಿ 38 ಅಂತ ಅದರ ಹೆಸರು. ನಿನ್ನ ನೆಟ್‌ವರ್ಕಿನಿಂದ ಹೊರಡುವ ಪ್ಯಾಕೆಟ್ಟಿನ ಮೇಲೆ ನಿನ್ನದಲ್ಲದ ವಿಳಾಸ ಇದ್ದರೆ ಅದನ್ನು ಹೊರಗೆ ಬಿಡಬೇಡ, ಇಷ್ಟೇ ಅದರ ಸಾರ. ಸುಳ್ಳು ವಿಳಾಸ ಹಾಕಲು ಆಗದಿದ್ದರೆ ಗಿಟ್‌ಹಬ್ ಮೇಲೆ ಆದಂಥ ಉಬ್ಬಿಸುವ ದಾಳಿ ಶುರುವಾಗುವುದೇ ಇಲ್ಲ. ಕಾಲು ಶತಮಾನ ಕಳೆದರೂ ಎಲ್ಲ ನೆಟ್‌ವರ್ಕುಗಳು ಇದನ್ನು ಪಾಲಿಸುತ್ತಿಲ್ಲ. ಯಾಕೆಂದರೆ ತೂಬು ಸರಿಮಾಡುವ ಖರ್ಚು ಮೇಲಿನವನದ್ದು, ಲಾಭ ಕೆಳಗಿನವನದ್ದು. ಇಂಥ ಕಡೆಯಲ್ಲೇ ಸರ್ಕಾರದ ಬೆತ್ತ ಬೇಕಾಗುವುದು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು, ಡಿಡಾಸ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು ಅಂತ. ಯಾರಿಗೆ? ಸರ್ಟ್-ಇನ್‌ಗೆ. ಹಣ ಕೊಟ್ಟ ಗ್ರಾಹಕನಿಗೆ ಎಷ್ಟು ಹೊತ್ತಿನಲ್ಲಿ ಹೇಳಬೇಕು ಅನ್ನುವುದು ಅದರ ವಿಷಯವಲ್ಲ.

"ಆಗುವುದಿಲ್ಲ, ಕಟ್ಟುವುದಿಲ್ಲ" ಅನ್ನುವ ಹೋಸ್ಟಿಂಗ್ ಕಂಪನಿಗಳಿಗೆ ಎರಡು ಉದಾಹರಣೆ. ಫ್ರಾನ್ಸಿನ ಓವಿಎಚ್ ತನ್ನ ಸರ್ವರುಗಳ ಬಾಡಿಗೆಯಲ್ಲೇ ದಾಳಿ ಸೋಸುವುದನ್ನೂ ಸೇರಿಸಿ ಕೊಡುತ್ತದೆ. ಕ್ಲೌಡ್‌ಫ್ಲೇರ್ 2017ರ ಸೆಪ್ಟೆಂಬರಿನಲ್ಲಿ, ದಾಳಿ ಎಷ್ಟೇ ದೊಡ್ಡದಿರಲಿ, ಉಚಿತ ಪ್ಲಾನಿನವರನ್ನೂ ಆ ಕಾರಣಕ್ಕೆ ಹೊರಗೆ ಹಾಕುವುದಿಲ್ಲ ಅಂತ ಘೋಷಿಸಿತು. ದಾಳಿಗೆ ಒಳಗಾದವನಿಂದಲೇ ದಾಳಿಯ ಬಾಡಿಗೆ ವಸೂಲು ಮಾಡದೆಯೂ ವ್ಯಾಪಾರ ನಡೆಯುತ್ತದೆ ಅಂತಾಯಿತು.

ಹಾಗಾದರೆ ಎಲ್ಲರೂ ಕ್ಲೌಡ್‌ಫ್ಲೇರ್ ಹಿಂದೆ ಅಡಗಿಕೊಂಡರೆ ಮುಗಿಯಿತಲ್ಲ ಅಂತ ಕೇಳಬಹುದು. ಮುಗಿಯುವುದಿಲ್ಲ. 2025ರ ನವೆಂಬರ್ 18ರಂದು ಆ ಕಂಪನಿಯದ್ದೇ ಒಂದು ಕಡತ ಅಳತೆ ಮೀರಿ ಬೆಳೆದು, ಜಗತ್ತಿನ ಎಷ್ಟೋ ತಾಣಗಳು ಗಂಟೆಗಟ್ಟಲೆ ಬಿದ್ದವು. ತಮಾಷೆ ಅಂದರೆ ಇದೂ ಡಿಡಾಸ್ ಇರಬೇಕು ಅಂತ ಅವರಿಗೇ ಮೊದಲು ಅನ್ನಿಸಿತ್ತಂತೆ. ಎಲ್ಲರೂ ಒಂದೇ ಅಣೆಕಟ್ಟಿನ ಕೆಳಗೆ ಮನೆ ಕಟ್ಟಿದರೆ ಆಗುವುದು ಇದೇ. ಅದಕ್ಕೇ ನಮ್ಮ ನಮ್ಮ ಹೋಸ್ಟಿಂಗ್ ಕಂಪನಿಗಳನ್ನು ಸರಿದಾರಿಗೆ ತರುವುದು ಬಿಟ್ಟು ಅಡ್ಡದಾರಿ ಇಲ್ಲ.

ಹಣ ಕೊಟ್ಟು ತಾಣ ಇಟ್ಟುಕೊಂಡವರು ಮುಂದಿನ ಸಲ ನವೀಕರಿಸುವ ಮೊದಲು ಈ ಐದು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ತೆಗೆದುಕೊಳ್ಳಿ:

1. ನನ್ನ ತಾಣವನ್ನು ಬ್ಲ್ಯಾಕ್‌ಹೋಲ್ ಮಾಡಿದರೆ ಎಷ್ಟು ನಿಮಿಷದಲ್ಲಿ ನನಗೆ ತಿಳಿಸುತ್ತೀರಿ?
2. ಅದಕ್ಕೆ ಮೊದಲು ಸೋಸಲು ಪ್ರಯತ್ನಿಸುತ್ತೀರಾ? ನಿಮ್ಮ ಮೇಲಿನ ನೆಟ್‌ವರ್ಕ್ ಫ್ಲೋಸ್ಪೆಕ್ ಒಪ್ಪುತ್ತದೆಯಾ?
3. ದಾಳಿ ನಿಂತಿದೆಯಾ ಅಂತ ಎಷ್ಟು ಹೊತ್ತಿಗೊಮ್ಮೆ ನೋಡುತ್ತೀರಿ? ಅಥವಾ 24 ಗಂಟೆ ಅಂತ ಕಣ್ಣುಮುಚ್ಚಿ ಬರೆದಿಟ್ಟಿದ್ದೀರಾ?
4. ದಾಳಿಯ ಕಸವನ್ನು ನನ್ನ ಬ್ಯಾಂಡ್‌ವಿಡ್ತ್ ಲೆಕ್ಕಕ್ಕೆ ಸೇರಿಸುತ್ತೀರಾ?
5. ತಾಣ ಮುಚ್ಚಿದ್ದಾಗ ನನ್ನ ಕಡತಗಳನ್ನು ತೆಗೆದುಕೊಳ್ಳಲು ಬೇರೆ ವಿಳಾಸದಲ್ಲಿ ಬಾಗಿಲು ಇದೆಯಾ?

ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ನಮ್ಮಂಥ ಉಚಿತ ತಾಣಗಳಲ್ಲಿ ಬರೆಯುವವರಿಗೆ ಪ್ರಶ್ನೆ ಕೇಳುವ ಅವಕಾಶ ಕಡಿಮೆ, ದೊಡ್ಡ ಕಂಪನಿಯ ನೆರಳು ಇದೆ ಅನ್ನುವುದು ಸಮಾಧಾನ. 2009ರ ಆ ದಿನ ಬ್ಲಾಗರ್ ಮೇಲೂ ದಾಳಿಯಾಗಿತ್ತು, ಅದು ತಡೆದುಕೊಂಡಿತು. ಆದರೂ ತಿಂಗಳಿಗೊಮ್ಮೆ ನಿಮ್ಮ ಬರಹಗಳನ್ನು ಇಳಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ಮತ್ತೆ, ಮನೆಯ ಮೋಡೆಮಿನ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿ. ಇನ್ನೊಬ್ಬ ಬ್ಲಾಗಿಗನ ಮೇಲೆ ಬೀಳುವ ಕಲ್ಲು ನಮ್ಮ ಮನೆಯಿಂದ ಹೋಗದಿರಲಿ.

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನು, ಅಧಿಕಾರ ಇರುವವನಿಗೆ ಕಂಪ್ಯೂಟರು ಸಿಗದಂತೆ ಮಾಡುವುದು ತಪ್ಪು ಅನ್ನುತ್ತದೆ. ದುರುದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ನಿನಲ್ಲಿ ಮೂರು ವರ್ಷದ ತನಕ ಜೈಲು. ದಾಳಿಕೋರನಿಗೆ ಆ ಕಾನೂನು ಇದೆ, ಸಿಕ್ಕರೆ. ಆದರೆ ನಮ್ಮ ಹಣ ತೆಗೆದುಕೊಂಡು, ಗುರಾಣಿಯ ಚಿತ್ರ ತೋರಿಸಿ, ದಾಳಿ ಬಂದ ಕೂಡಲೇ ನಮ್ಮನ್ನು ಗುಂಡಿಗೆ ಹಾಕುವವರಿಗೆ? ಅವರಿಗೆ ಇರುವ ಕಾನೂನು ಗಿರಾಕಿಯ ಕಾಲು ಮಾತ್ರ. ಎದ್ದು ಹೊರಟರೆ ಅವರಿಗೂ ನೆರೆಯ ಬಿಸಿ ತಾಗುತ್ತದೆ.

ನಿಮ್ಮ ಕಂಪನಿ ಆ ಐದಕ್ಕೆ ಏನು ಉತ್ತರ ಕೊಟ್ಟಿತು ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮುಂದೆ ತಾಣ ಕೊಳ್ಳುವವರು ಹುಡುಕಿದಾಗ ಸಿಗಲಿ.